ಲೈಸೆನ್ಸ್ ಮಂಡಳಿ ತಿಂಗಳಿಗೊಮ್ಮೆ ಸೇರಲೇಬೇಕಾ?

ವಿಮಾನ ಕಂಪನಿ ಹಾರಾಟ ಶುರು ಮಾಡಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕು. ಕೆಲವು ಕಡೆ ಅದನ್ನು ಕೊಡುವುದು ಒಂದು ಮಂಡಳಿ. ಅರ್ಜಿ ಬಂದಿರಲಿ, ಬಾರದಿರಲಿ, ಆ ಮಂಡಳಿ ತಿಂಗಳಿಗೊಮ್ಮೆ ಸೇರಲೇಬೇಕು ಎಂಬ ನಿಯಮ ಇರಬೇಕೇ?

ಪರ: ಮುಂದಿನ ಸಭೆ ಯಾವತ್ತು?

ಅರ್ಜಿ ಹಾಕಿದವರ ಜಾಗದಲ್ಲಿ ನಿಂತು ನೋಡಿ. ವಿಮಾನ ಲೀಸ್‌ಗೆ ತಂದಾಗಿದೆ. ಹಾರಿದರೂ ನಿಂತರೂ ತಿಂಗಳ ಬಾಡಿಗೆ ಕಟ್ಟಲೇಬೇಕು. ಪೈಲಟ್‌ಗಳ ಸಂಬಳ ಓಡುತ್ತಿದೆ. ಅವರನ್ನು ಸುಮ್ನೆ ಕೂರಿಸುವಂತೆಯೂ ಇಲ್ಲ. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಬೇಕು. ಹಾರಾಟವೇ ಇಲ್ಲದಿದ್ದರೆ ಸಿಮ್ಯುಲೇಟರ್‌ಗೆ ದುಡ್ಡು ಸುರಿಯಬೇಕು. ಇಂಥವರಿಗೆ ‘ಮುಂದಿನ ಸಭೆಯಲ್ಲಿ ನೋಡೋಣ’ ಅಂದರೆ, ಅದು ಯಾವತ್ತು ಅಂತ ತಿಳಿಯುವ ಹಕ್ಕಾದರೂ ಇರಬೇಕು ಅಲ್ವಾ?

ವಿಮಾನಯಾನಕ್ಕೆ ತನ್ನದೇ ಆದ ಪಂಚಾಂಗವಿದೆ. ಮಾರ್ಚ್‌ ಕೊನೆಯ ಭಾನುವಾರ ಬೇಸಿಗೆಯ ವೇಳಾಪಟ್ಟಿ ಶುರುವಾದರೆ, ಅಕ್ಟೋಬರ್‌ ಕೊನೆಯ ಭಾನುವಾರ ಚಳಿಗಾಲದ್ದು. ದಟ್ಟಣೆ ಜಾಸ್ತಿ ಇರುವ ನಿಲ್ದಾಣಗಳಲ್ಲಿ ಸಿಕ್ಕ ಸ್ಲಾಟನ್ನು (ವಿಮಾನ ಇಳಿಯಲು, ಏರಲು ಗೊತ್ತು ಮಾಡಿಕೊಟ್ಟ ಹೊತ್ತು) ಸೀಸನ್ನಿನಲ್ಲಿ ಶೇ 80ರಷ್ಟಾದರೂ ಬಳಸಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಅದೇ ಸೀಸನ್ನಿಗೆ ಅದು ಕೈತಪ್ಪಬಹುದು. ಮಾರ್ಚ್‌ ಮಧ್ಯದ ಸಭೆ ಮೂರು ವಾರ ಮುಂದಕ್ಕೆ ಹೋದರೆ ಕೆಲವೊಮ್ಮೆ ಇಡೀ ಬೇಸಿಗೆಯೇ ಹೋಗುತ್ತದೆ.

ಕಾಯಿಸುವುದರಿಂದ ಲಾಭ ಆಗುವವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಆ ಮಾರ್ಗದಲ್ಲಿ ಈಗಾಗಲೇ ಹಾರುತ್ತಿರುವ ಕಂಪನಿಗೆ ಹೊಸಬರು ತಡವಾಗಿ ಬಂದಷ್ಟೂ ಒಳ್ಳೆಯದು. ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬಹುದು ಎಂದು ತೀರ್ಮಾನಿಸುತ್ತಿದ್ದ ಅಮೆರಿಕದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಕಥೆ ಕೇಳಿ. 1967ರಲ್ಲಿ ವರ್ಲ್ಡ್ ಏರ್‌ವೇಸ್ ಕಂಪನಿ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಡುವೆ ಕಡಿಮೆ ದರದಲ್ಲಿ ಹಾರುತ್ತೇನೆ ಎಂದು ಅರ್ಜಿ ಹಾಕಿತು. ಬೋರ್ಡ್ ಆರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಇಟ್ಟುಕೊಂಡಿತು. ಕೊನೆಗೆ, ದಾಖಲೆಗಳು ಹಳೆಯವಾದವು ಎಂದು ವಜಾ ಮಾಡಿತು. ಕಾಂಟಿನೆಂಟಲ್ ಏರ್‌ಲೈನ್ಸ್‌ ಡೆನ್ವರ್–ಸ್ಯಾನ್ ಡಿಯಾಗೊ ಮಾರ್ಗಕ್ಕಾಗಿ ಎಂಟು ವರ್ಷ ಕಾಯಿತು. ಅದೂ ಸಿಕ್ಕಿದ್ದು ಕೋರ್ಟ್ ಆದೇಶ ಮಾಡಿದ ಮೇಲೆ.

ತಿಂಗಳಿಗೊಂದು ದಿನ ಗೊತ್ತಾಗಿದ್ದರೆ ಬಾಕಿ ಉಳಿದ ಅರ್ಜಿ ಪ್ರತಿ ಅಜೆಂಡಾದಲ್ಲೂ ಕಾಣಿಸಿಕೊಳ್ಳುತ್ತದೆ. ಯಾಕೆ ಬಾಕಿ ಅಂತ ನಡಾವಳಿಯಲ್ಲಿ ಬರೆಯಬೇಕಾಗುತ್ತದೆ. ಬರೆದದ್ದನ್ನು ಅರ್ಜಿದಾರರು ಕೋರ್ಟಿಗೆ ತೋರಿಸಬಹುದು. ಸಭೆಯೇ ಸೇರದಿದ್ದರೆ ತೋರಿಸಲು ಏನೂ ಇರುವುದಿಲ್ಲ.

ವಿರೋಧ: ತಡ ಆಗುವುದು ಬೇರೆ ಕಡೆ

ಅಮೆರಿಕದ ಆ ಬೋರ್ಡಿನ ಉದಾಹರಣೆ ನಿಜ, ಆದರೆ ಅದು ಹೇಳುವುದೇ ಬೇರೆ. ಅಲ್ಲಿ ಇದ್ದದ್ದು ಅದೇ ಕೆಲಸಕ್ಕೆ ನೇಮಕವಾದ ಐದು ಪೂರ್ಣಾವಧಿ ಸದಸ್ಯರು. ಸೇರಲು ಪುರುಸೊತ್ತಿಲ್ಲದವರಲ್ಲ. ಆದರೂ 1938ರಿಂದ 1978ರವರೆಗೆ ದೊಡ್ಡ ಮಾರ್ಗಗಳ ಕಂಪನಿಗಳ ಸಾಲಿಗೆ ಅವರು ಹೊಸದೊಂದನ್ನೂ ಸೇರಿಸಲಿಲ್ಲ. ಕೊಡುವ ಮನಸ್ಸಿಲ್ಲದ ಮಂಡಳಿ ದಿನಾ ಸೇರಿದರೂ ಕೊಡುವುದಿಲ್ಲ. 1978ರಲ್ಲಿ ಅಮೆರಿಕ ಕಾನೂನನ್ನೇ ಬದಲಿಸಬೇಕಾಯಿತು.

ಬ್ರಿಟನ್ನಿನ ವಿಮಾನ ಉದ್ಯಮಿ ಫ್ರೆಡ್ಡಿ ಲೇಕರ್ ಅವರ ಸ್ಕೈಟ್ರೇನ್ ಇನ್ನೂ ಸ್ಪಷ್ಟವಾದ ಉದಾಹರಣೆ. ಲಂಡನ್–ನ್ಯೂಯಾರ್ಕ್ ನಡುವೆ ಅಗ್ಗದ ವಿಮಾನ. ಬ್ರಿಟನ್ನಿನಲ್ಲಿ ಅರ್ಜಿ ಹಾಕಿದ್ದು 1971ರಲ್ಲಿ, ಲೈಸೆನ್ಸ್ ಬಂದದ್ದು 1972ರಲ್ಲಿ. ಮೊದಲ ವಿಮಾನ ಹಾರಿದ್ದು ಮಾತ್ರ 1977ರ ಸೆಪ್ಟೆಂಬರ್ 26ರಂದು. ನಡುವಿನ ಐದು ವರ್ಷ ಎಲ್ಲಿ ಹೋಯಿತು? ಅಮೆರಿಕದ ಒಪ್ಪಿಗೆಗೆ ಕಾಯುವುದರಲ್ಲಿ. ಬ್ರಿಟಿಷ್ ಸರ್ಕಾರ ನೀತಿ ಬದಲಿಸಿ ಲೈಸೆನ್ಸನ್ನೇ ಕಿತ್ತುಕೊಳ್ಳಲು ಹೊರಟಾಗ, ಅದರ ವಿರುದ್ಧ ಕೋರ್ಟು ಕಚೇರಿ ಅಲೆಯುವುದರಲ್ಲಿ. ಮಂಡಳಿ ಎಷ್ಟು ಸಲ ಸೇರಿದ್ದರೂ ಆ ಐದು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗುತ್ತಿರಲಿಲ್ಲ.

ನಿಜವಾಗಿ ಹೊತ್ತು ಹಿಡಿಯುವುದು ಪರಿಶೀಲನೆ. ಹಾಂಗ್‌ಕಾಂಗ್‌ನಲ್ಲಿ ಜೆಟ್‌ಸ್ಟಾರ್ ಹಾಂಗ್‌ಕಾಂಗ್ ಕಂಪನಿಯ ಅರ್ಜಿ ಬಂದಾಗ ಎದ್ದ ಪ್ರಶ್ನೆ ಒಂದೇ: ಇದರ ಮುಖ್ಯ ವ್ಯವಹಾರದ ಸ್ಥಳ ನಿಜವಾಗಿ ಹಾಂಗ್‌ಕಾಂಗೇನಾ? ಕಂಪನಿಯ ನಾಮಫಲಕ ಎಲ್ಲಿ ತೂಗುಹಾಕಿದೆ ಎಂದು ನೋಡಿದರೆ ಉತ್ತರ ಸಿಗುವುದಿಲ್ಲ. ಟಿಕೆಟ್ ದರ, ಮಾರ್ಗ, ವಿಮಾನ ಖರೀದಿಯನ್ನು ತೀರ್ಮಾನಿಸುವವರು ಯಾವ ಊರಿನಲ್ಲಿ ಕೂತಿದ್ದಾರೆ ಎಂದು ಅಗೆದು ನೋಡಬೇಕು. ಎದುರಾಳಿ ಕಂಪನಿಗಳ ತಕರಾರು ಕೇಳಬೇಕು, ಅದಕ್ಕೆ ಉತ್ತರ ಪಡೆಯಬೇಕು. 2015ರ ಆರಂಭದಲ್ಲಿ ಬಹಿರಂಗ ವಿಚಾರಣೆ ನಡೆಯಿತು, ಜೂನ್‌ನಲ್ಲಿ ಅರ್ಜಿ ತಿರಸ್ಕಾರವಾಯಿತು. ಅಷ್ಟರೊಳಗೆ ಆ ಕಂಪನಿಗೆಂದು ತಯಾರಾಗಿದ್ದ ಹಲವು ಏರ್‌ಬಸ್ ಎ320ಗಳು ಫ್ರಾನ್ಸಿನ ಟೂಲೂಸ್‌ನಲ್ಲಿ ನಿಂತೇ ಇದ್ದು, ಬೇರೆಯವರಿಗೆ ಮಾರಾಟವಾಗಿದ್ದವು. ನಷ್ಟ ಆಯಿತು, ಒಪ್ಪುತ್ತೇನೆ. ಆದರೆ ತಿಂಗಳ ಸಭೆಯ ಒತ್ತಡಕ್ಕೆ ಅರೆಬೆಂದ ತೀರ್ಮಾನ ಕೊಟ್ಟಿದ್ದರೆ ಅದು ಕೋರ್ಟಿನಲ್ಲಿ ನಿಲ್ಲುತ್ತಿತ್ತೇ?

ಕಡ್ಡಾಯ ಸಭೆ ಎಂದರೆ ಕಡ್ಡಾಯವಾಗಿ ಅಜೆಂಡಾ, ಟಿಪ್ಪಣಿ, ಕೋರಂ. ಅರ್ಜಿದಾರರ ಬ್ಯಾಲೆನ್ಸ್ ಶೀಟ್ ಓದಬೇಕಾದ ಸಿಬ್ಬಂದಿ ಸಭೆಯ ಕಾಗದ ಜೋಡಿಸುತ್ತಾ ಕೂರುತ್ತಾರೆ. ಆ ಬ್ಯಾಲೆನ್ಸ್ ಶೀಟ್ ಓದುವುದು ಸಣ್ಣ ಕೆಲಸ ಅಲ್ಲ. ಲೇಕರ್ ಅವರ ಕಂಪನಿಯೇ 1982ರ ಫೆಬ್ರವರಿ 5ರಂದು ಸಾಲದ ಭಾರಕ್ಕೆ ಮುಳುಗಿದಾಗ, ಟಿಕೆಟ್ ಕೊಂಡಿದ್ದ ಸಾವಿರಾರು ಜನ ಇದ್ದಲ್ಲೇ ಸಿಕ್ಕಿಹಾಕಿಕೊಂಡರು.

ಗಡುವು ಬೇಕು, ನಿಜ. ಆದರೆ ಅದನ್ನು ಅರ್ಜಿಗೆ ಹಾಕಬೇಕು. ಯುರೋಪಿಯನ್ ಒಕ್ಕೂಟದ 2008ರ ನಿಯಮ ಹಾಗೇ ಇದೆ. ಬೇಕಾದ ಮಾಹಿತಿಯೆಲ್ಲ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು, ಇಲ್ಲ ಎನ್ನುವುದಾದರೆ ಕಾರಣವನ್ನೂ ಕೊಡಬೇಕು. ಸಭೆ ಎಷ್ಟು ಸಲ ಎಂಬ ಮಾತು ಅದರಲ್ಲಿ ಬರುವುದೇ ಇಲ್ಲ.