ಖಾರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ‘ಸ್ಪೈಸಿ’ ಎಂಬ ಪದದ ಮುಂದೆ ‘ಖಾರವಾದ’ ಎಂದು ಬರೆಸಿದ್ದರು. ಅದನ್ನು ನಂಬಿಕೊಂಡೇ ನಾನು ಅರ್ಧ ಆಯುಷ್ಯ ಕಳೆದೆ. ಆ ನಂಬಿಕೆಗೆ ಮೊದಲ ಏಟು ಬಿದ್ದದ್ದು ಊಟದ ಎಲೆಯ ಮುಂದಲ್ಲ, ಕಚೇರಿಯ ಮೇಜಿನ ಮುಂದೆ.

ಆಗ ನಾನು ಹಾವೇರಿ ಜಿಲ್ಲೆಯ ಸಣ್ಣ ಊರೊಂದರಲ್ಲಿ ಗುಮಾಸ್ತನಾಗಿದ್ದೆ. ತಿಂಗಳ ಲೆಕ್ಕಪತ್ರ ತಡವಾಯಿತೆಂದು ಮೇಲಿನವರಿಂದ ಒಂದು ಪತ್ರ ಬಂದಿತ್ತು. ಓದಿದವರ ಕಿವಿ ಕೆಂಪಾಗುವಂಥ ಪತ್ರ. ಅದೇ ವಾರ ತಪಾಸಣೆಗೆ ಬಂದಿದ್ದ, ಕನ್ನಡ ಬಾರದ ಅಧಿಕಾರಿಯೊಬ್ಬರು ಏನು ವಿಶೇಷ ಎಂದು ವಿಚಾರಿಸಿದಾಗ, ಬಹಳ ಸ್ಪೈಸಿಯಾದ ಪತ್ರವೊಂದು ಬಂದಿದೆಯೆಂದೂ, ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿರುವೆನೆಂದೂ ನಾನು ಇಂಗ್ಲಿಷಿನಲ್ಲಿ ವಿನಯದಿಂದ ನಿವೇದಿಸಿದೆ. ಅಧಿಕಾರಿಗಳು ಸುತ್ತಲೂ ನೋಡಿದರು, ಎದ್ದು ಹೋಗಿ ಬಾಗಿಲನ್ನು ಅರ್ಧ ಮುಚ್ಚಿದರು, ಕನ್ನಡಕ ಒರೆಸಿಕೊಂಡು ಕೈ ಚಾಚಿದರು. ಪತ್ರವನ್ನು ಓದಿ ಮುಗಿಸುವಷ್ಟರಲ್ಲಿ ಅವರ ಮುಖದಲ್ಲಿ ಮೂಡಿದ ನಿರಾಸೆಯನ್ನು, ನಮ್ಮ ದುಸ್ಥಿತಿಗೆ ಅವರು ಪಟ್ಟ ಮರುಕವೆಂದೇ ನಾನು ಬಹುಕಾಲ ತಿಳಿದಿದ್ದೆ.

‘ಸಚಿವರು ಖಾರವಾಗಿ ಪ್ರತಿಕ್ರಿಯಿಸಿದರು’ ಎಂದು ನಮ್ಮ ಪತ್ರಿಕೆ ಬರೆದರೆ ಸಚಿವರು ರೇಗಿದ್ದಾರೆ ಎಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತವರಿಗೂ ತಿಳಿಯುತ್ತದೆ. ಇಂಗ್ಲಿಷರ ಲೆಕ್ಕವೇ ಬೇರೆ. ಅವರಿಗೆ ಸುದ್ದಿ ಸ್ಪೈಸಿಯೆನಿಸಬೇಕಾದರೆ ಅದರಲ್ಲಿ ಯಾರೋ ಯಾರ ಜೊತೆಗೋ ಓಡಿಹೋಗಿರಬೇಕು. ಸುದ್ದಿಗೆ ಮಸಾಲೆ ಅರೆಯುವುದು ಎಂದು ನಾವು ಹೇಳುತ್ತೇವಲ್ಲ, ಅವರ ಪದ ಅದಕ್ಕೆ ಹತ್ತಿರ. ಮೇಷ್ಟ್ರು ‘ಮಸಾಲೆಯ’ ಎಂದು ಬರೆಸಿದ್ದರೆ ಅಂದು ಆ ಬಾಗಿಲು ಅರ್ಧ ಮುಚ್ಚುತ್ತಿರಲಿಲ್ಲ.

ನಿವೃತ್ತಿಯ ನಂತರ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗನ ಮನೆಗೆ ಹೋದಾಗ ಎರಡನೆಯ ಏಟು ಬಿತ್ತು. ಅಲ್ಲಿಯ ಚಳಿಯಲ್ಲಿ ನನಗಿದ್ದ ಏಕೈಕ ಆಸೆಯೆಂದರೆ ಹಬೆಯಾಡುವ ಊಟ. ಮಗ ಒಂದು ಇಂಡಿಯನ್ ಹೋಟೆಲಿಗೆ ಕರೆದುಕೊಂಡು ಹೋದ. ಪಟ್ಟಿಯಲ್ಲಿ ಕೊರ್ಮಾ, ಮದ್ರಾಸ್, ವಿಂದಾಲೂ ಎಂಬ ಹೆಸರುಗಳಿದ್ದವು. ಇವು ಒಂದರ ಮೇಲೊಂದು ಏರುವ ಉರಿಯ ಮೆಟ್ಟಿಲುಗಳೆಂದು ಆ ದೇಶದ ಮಕ್ಕಳಿಗೂ ಗೊತ್ತು. ಮದ್ರಾಸಿನಲ್ಲಿ ವರ್ಷಗಟ್ಟಲೆ ಉಂಡವನಿಗೆ ‘ಮದ್ರಾಸ್’ ಎಂಬುದೊಂದು ಪಲ್ಯವೆಂದು ಹೇಗೆ ತಿಳಿಯಬೇಕು? ಕೊನೆಯಲ್ಲಿ ‘ಆಲೂ’ ಎಂದು ಕೇಳಿಸಿದ್ದರಿಂದ ಆಲೂಗಡ್ಡೆಯ ಸಾಧು ಪದಾರ್ಥವಿರಬಹುದೆಂದು ಊಹಿಸಿ ನಾನು ತರಕಾರಿ ವಿಂದಾಲೂ ಹೇಳಿದೆ. ಅದು ಪೋರ್ಚುಗೀಸರ ಜೊತೆ ಗೋವೆಗೆ ಬಂದ ಅಡುಗೆಯೆಂದೂ, ಹೆಸರಿನಲ್ಲಿರುವುದು ವೈನ್ ಮತ್ತು ಬೆಳ್ಳುಳ್ಳಿಯೇ ಹೊರತು ಆಲೂ ಅಲ್ಲವೆಂದೂ ಆಮೇಲೆ ತಿಳಿಯಿತು.

ಎಷ್ಟು ಹಾಟ್ ಇರಬೇಕು ಎಂದು ಬಡಿಸುವ ಹುಡುಗ ಕೇಳಿದ. ನಿಮ್ಮಿಂದ ಎಷ್ಟು ಸಾಧ್ಯವೋ ಅಷ್ಟು ಎಂದೆ. ಅವನು ಮಗನ ಮುಖ ನೋಡಿದ. ಮಗ ಮೊಬೈಲ್ ನೋಡುತ್ತಿದ್ದ. ತಟ್ಟೆ ಬಂದಾಗ ಮುಟ್ಟಿ ನೋಡಿದರೆ ಉಗುರುಬೆಚ್ಚಗೂ ಇರಲಿಲ್ಲ. ಇದು ಹಾಟ್ ಇಲ್ಲವಲ್ಲ ಎಂದು ನಾನು ಆಕ್ಷೇಪಿಸಿದ್ದಕ್ಕೆ, ರುಚಿ ಕೂಡ ನೋಡದೆ ಹಾಗೆ ಹೇಳಿದ ಗಿರಾಕಿಯನ್ನು ಅವನು ಗೌರವದಿಂದ ದಿಟ್ಟಿಸಿ, ಒಳಗೆ ಹೋಗಿ ಇನ್ನೊಂದು ಚಮಚ ಕೆಂಪು ಹಾಕಿಸಿಕೊಂಡು ಬಂದ. ಬಿಸಿ ಮಾಡಿಸಲಿಲ್ಲ.

ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಬಿಕ್ಕಳಿಕೆ. ಒಂದು ಹೂಜಿ ನೀರು ಕುಡಿದೆ. ಉರಿ ಬಾಯಿಯ ಇನ್ನಷ್ಟು ಮೂಲೆಗಳಿಗೆ ಹರಡಿತು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಲು ಮೊಸರು ಬೇಕಿತ್ತು. ನಮ್ಮ ಅಜ್ಜಿಗೆ ಇದು ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ. ಹಾವೇರಿಯವನಾಗಿಯೂ ಹೀಗೇಕೆ ಎಂದು ಅವನು ಕೇಳಿದ. ಅಲ್ಲೇ ಇರುವುದು ನಮ್ಮ ಗುಟ್ಟು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ವಿನಾ ಖಾರಕ್ಕಲ್ಲ. ಸುಕ್ಕುಗಟ್ಟಿದ ಆ ಕೆಂಪನ್ನು ಸಾರಿಗೆ ಹಿಡಿ ತುಂಬ ಸುರಿದು, ಪರಊರಿನವರೆದುರು ಸೊರಸೊರನೆ ಕುಡಿದು ನಾವು ಶೂರರೆನಿಸಿಕೊಂಡಿದ್ದೇವೆ.

ಹಾಟ್ ಎಂಬ ಒಂದೇ ಪದಕ್ಕೆ ಬಿಸಿಯನ್ನೂ ಖಾರವನ್ನೂ ಗಂಟುಹಾಕಿದ ಇಂಗ್ಲಿಷಿನ ಮೇಲೆ ಅಂದು ರಾತ್ರಿಯಿಡೀ ಸಿಟ್ಟಾಗಿದ್ದೆ. ಆಮೇಲೆ ವಿಚಾರಿಸಿದರೆ ವಿಜ್ಞಾನ ಅವರ ಪಕ್ಷದಲ್ಲಿ ನಿಂತಿತ್ತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ನರದಲ್ಲಿ ತೆರೆದುಕೊಳ್ಳುವ ಕದವೇ ಮೆಣಸಿನಕಾಯಿ ತಾಗಿದಾಗಲೂ ತೆರೆದುಕೊಳ್ಳುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ತಟ್ಟೆ ತಣ್ಣಗಿದ್ದರೂ ನನ್ನ ನಾಲಿಗೆ ಕೆಂಡ ಬಿದ್ದಿದೆ ಎಂದೇ ವರದಿ ಕಳಿಸಿತ್ತು. ನಾವೂ ‘ಬಾಯಿ ಉರಿಯಿತು’ ಎನ್ನುವವರೇ ಆದ್ದರಿಂದ ಈ ವಿಷಯದಲ್ಲಿ ದಾವೆ ಹಿಂತೆಗೆದುಕೊಂಡೆ.

ಅಂದಿನಿಂದ ನಾನು ಸ್ಪೈಸಿ ಎಂದು ಬರೆದ ಪೊಟ್ಟಣಗಳಿಂದ ದೂರ ಸರಿದೆ. ಕ್ರಿಸ್‌ಮಸ್ ಹೊತ್ತಿಗೆ ಪಕ್ಕದ ಮನೆಯವರು ತಾವೇ ಬೇಯಿಸಿದ ಸ್ಪೈಸಿ ಕೇಕ್ ತಂದುಕೊಟ್ಟರು. ನಾನು ಹೊಟ್ಟೆಯುರಿಯ ನೆಪ ಹೇಳಿ ಮುಟ್ಟಲಿಲ್ಲ. ಹೆಂಡತಿ ಮಾತ್ರ ಮೂರು ದಿನ ಸದ್ದಿಲ್ಲದೆ ತಿಂದು, ನಾಲ್ಕನೆಯ ದಿನ ಖಾಲಿ ತಟ್ಟೆ ತೊಳೆಯುತ್ತ, ಅದರಲ್ಲಿದ್ದದ್ದು ಚಕ್ಕೆ, ಲವಂಗ, ಜಾಯಿಕಾಯಿ ಎಂದು ತಿಳಿಸಿದಳು. ಒಳಗೆ ಸಕ್ಕರೆಯ ರಾಶಿ, ಹೆಸರು ಮಾತ್ರ ಸ್ಪೈಸಿ! ಸುಗಂಧದ ಅಂಗಡಿಯಲ್ಲಿಯೂ ಸ್ಪೈಸಿ ಎನ್ನುವ ಸೀಸೆ ಕಂಡು, ಕಂಕುಳಿಗೆ ಗುಂಟೂರು ಮೆಣಸಿನಪುಡಿ ಬಳಿದುಕೊಳ್ಳುವ ಜನರೂ ಇದ್ದಾರೆಯೇ ಎಂದು ನಡುಗಿದ್ದೆ.

ಇಷ್ಟೆಲ್ಲ ಅನುಭವಿಸಿದ ಮೇಲೆ, ಐದು ವರ್ಷದ ಮೊಮ್ಮಗಳು ಟೂತ್‌ಪೇಸ್ಟ್ ಸ್ಪೈಸಿ ಎಂದು ಉಗುಳಿ, ಸೋಡಾಕ್ಕೆ ಸ್ಪೈಸಿ ನೀರು ಎಂದು ಹೆಸರಿಟ್ಟ ದಿನ ನನಗೆ ತಡೆಯಲಾಗಲಿಲ್ಲ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪೇಸ್ಟಿಗೆ ಘಾಟು, ಸೋಡಾಕ್ಕೆ ಚುರುಚುರು, ಚಹಾಕ್ಕೆ ಬಿಸಿ, ಲವಂಗಕ್ಕೆ ಮಸಾಲೆ, ಮೆಣಸಿನಕಾಯಿಗೆ ಖಾರ ಎಂದು ಪ್ರತಿಯೊಂದಕ್ಕೂ ಒಂದೊಂದು ಪದವಿರುವ ನಮ್ಮ ಭಾಷೆಯ ಶಿಸ್ತನ್ನು ಬೋಧಿಸಿದೆ. ಹಿಂದಿಯವರು ಉಪ್ಪುನೀರಿಗೆ ‘ಖಾರಾ ಪಾನಿ’ ಎನ್ನುತ್ತಾರೆ, ನೀನು ಹಾಗೆ ಎಡವಬೇಡ ಎಂದೂ ಎಚ್ಚರಿಸಿದೆ. ಮಗು ಗಂಭೀರವಾಗಿ ತಲೆಯಾಡಿಸಿತು.

ಅಷ್ಟರಲ್ಲಿ ಹೆಂಡತಿ ತಿಂಡಿ ತಂದಿಟ್ಟು ಖಾರಾಬಾತ್ ಎಂದಳು. ಮೊಮ್ಮಗಳು ಗಾಬರಿಯಿಂದ ನೀರಿನ ಲೋಟ ಹತ್ತಿರಕ್ಕೆ ಎಳೆದುಕೊಂಡು, ಒಂದು ಅಗುಳು ನಾಲಿಗೆಯ ತುದಿಗಿಟ್ಟು, ಆಮೇಲೆ ಒಂದು ಚಮಚ ತಿಂದು, ಇದರಲ್ಲಿ ಖಾರ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ನಾನು ಅಡುಗೆಮನೆಯ ಕಡೆ ನೋಡಿದೆ.

“ಕೇಸರಿಬಾತ್ ಅಲ್ಲ ಅಂತ ಅರ್ಥ ಕಣೇ,” ಎಂದು ಒಳಗಿನಿಂದ ಉತ್ತರ ಬಂತು.