ಎಂಆರ್‌ಐ ಚಿತ್ರದಿಂದ ಸ್ತನ ಕ್ಯಾನ್ಸರಿನ ರಿಸೆಪ್ಟರ್ ಸ್ಥಿತಿಯನ್ನು ನಿರ್ಣಯಿಸಬಹುದೇ?

ಪರ

ಗೆಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಮತ್ತು ಹರ್-2 ರಿಸೆಪ್ಟರುಗಳು (ಬೆಳವಣಿಗೆಯ ಸಂಕೇತಗಳನ್ನು ಹಿಡಿಯುವ ಪ್ರೋಟೀನುಗಳು) ಇವೆಯೋ ಇಲ್ಲವೋ ಎಂಬುದರ ಮೇಲೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಿಂತಿದೆ. ಆದರೆ ಬಯಾಪ್ಸಿಯ ಸೂಜಿಗೆ ಸಿಗುವುದು ಗೆಡ್ಡೆಯ ಒಂದು ಚೂರು ಮಾತ್ರ. ಅದೇ ಗೆಡ್ಡೆಯ ಇನ್ನೊಂದು ಭಾಗದ ಜೀವಕೋಶಗಳು ಬೇರೆ ಗುಣದವಾಗಿರಬಹುದು. ಚಿಕಿತ್ಸೆ ನಡೆದಂತೆ ಆ ಗುಣ ಬದಲಾಗಲೂಬಹುದು. ಎಂಆರ್‌ಐ ಇಡೀ ಗೆಡ್ಡೆಯನ್ನು ತೋರಿಸುತ್ತದೆ. ರಕ್ತನಾಳಕ್ಕೆ ಕೊಟ್ಟ, ಚಿತ್ರದಲ್ಲಿ ಬೆಳಗುವ ಗ್ಯಾಡೋಲಿನಿಯಂ ದ್ರವ್ಯ ಗೆಡ್ಡೆಯೊಳಗೆ ಎಷ್ಟು ಬೇಗ ಸೇರಿತು, ಎಷ್ಟು ಬೇಗ ಹೊರಬಿತ್ತು, ಅಂಚು ಎಷ್ಟು ಒರಟಾಗಿದೆ, ಒಳಗಿನ ಛಾಯೆಗಳು ಹೇಗೆ ಹರಡಿವೆ ಎಂಬುದನ್ನೆಲ್ಲ ರೇಡಿಯೋಮಿಕ್ಸ್ ಎಂಬ ಕಂಪ್ಯೂಟರ್ ವಿಶ್ಲೇಷಣೆ ನೂರಾರು ಸಂಖ್ಯೆಗಳಲ್ಲಿ, ಅಂದರೆ ‘ಲಕ್ಷಣ’ಗಳಲ್ಲಿ, ಹಿಡಿಯುತ್ತದೆ. ಇದು ಬುಡವಿಲ್ಲದ ಲೆಕ್ಕಾಚಾರವಲ್ಲ: ಈ ಮೂರೂ ರಿಸೆಪ್ಟರುಗಳಿಲ್ಲದ ಟ್ರಿಪಲ್ ನೆಗೆಟಿವ್ ಗೆಡ್ಡೆಗಳು ಅನೇಕ ವೇಳೆ ದುಂಡಗಿದ್ದು ಅಂಚಿನಲ್ಲಷ್ಟೇ ಉಂಗುರದಂತೆ ಬೆಳಗುವುದನ್ನು ರೇಡಿಯಾಲಜಿಸ್ಟರು ಬರಿಗಣ್ಣಿನಿಂದಲೇ ಗುರುತಿಸುತ್ತ ಬಂದಿದ್ದಾರೆ. ಬಯಾಪ್ಸಿ ವರದಿಗೂ ಚಿತ್ರಕ್ಕೂ ತಾಳೆಯಾಗದಿದ್ದಾಗ ಮರುಪರೀಕ್ಷೆಗೆ ಸೂಚಿಸುವುದಷ್ಟೇ ಈ ವಿಧಾನದ ಕೆಲಸವಾದರೂ, ತಪ್ಪು ಔಷಧದಿಂದ ಕೆಲವು ರೋಗಿಗಳಾದರೂ ಪಾರಾಗಬಹುದು.

ವಿರೋಧ

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತಪಡಿಸಲು ಹೇಗೂ ಅಂಗಾಂಶ ಬೇಕೇ ಬೇಕು. ಅದು ಕೈಗೆ ಬಂದ ಮೇಲೆ ರಿಸೆಪ್ಟರನ್ನು ನೇರವಾಗಿ ಬಣ್ಣ ಹಚ್ಚಿ ನೋಡುವುದನ್ನು ಬಿಟ್ಟು ಚಿತ್ರದಿಂದ ಊಹಿಸುವುದೇಕೆ? ಪೆಥಾಲಜಿಯ ಅಳತೆಗಳಂತೂ ಬಹಳ ಸೂಕ್ಷ್ಮ. ಶೇ 1ರಷ್ಟು ಕ್ಯಾನ್ಸರ್ ಕೋಶಗಳ ಕೇಂದ್ರಗಳು ಬಣ್ಣ ಹಿಡಿದರೂ ಗೆಡ್ಡೆಯನ್ನು ಈಸ್ಟ್ರೊಜೆನ್ ಪಾಸಿಟಿವ್ ಎನ್ನುತ್ತಾರೆ. ಬಣ್ಣದ ತೀವ್ರತೆಯನ್ನು 0ಯಿಂದ 3+ವರೆಗೆ ಅಳೆಯುವ ಹರ್-2 ಪರೀಕ್ಷೆಯಲ್ಲಿ ಅನಿಶ್ಚಿತವಾದ 2+ ಬಂದರೆ ಜೀನ್ ಪರೀಕ್ಷೆ ಬೇಕಾಗುತ್ತದೆ. ಹರಡಿದ ಕ್ಯಾನ್ಸರಿನಲ್ಲಿ 2022ರಿಂದ 1+ ಫಲಿತಾಂಶವೂ ಔಷಧದ ಆಯ್ಕೆಯನ್ನು ಬದಲಿಸಬಲ್ಲದು. ಛಾಯೆಗಳ ವಿನ್ಯಾಸದಿಂದ ಇಷ್ಟು ಸಣ್ಣ ವ್ಯತ್ಯಾಸವನ್ನು ಓದಬಹುದೆಂದು ನಂಬುವುದು ನನಗೆ ಕಷ್ಟ.

ಇನ್ನೊಂದು ಆತಂಕ ಸಂಖ್ಯೆಗಳದು. 1.5 ಟೆಸ್ಲಾ ಕಾಂತಬಲದ ಯಂತ್ರದಿಂದ 3 ಟೆಸ್ಲಾ ಯಂತ್ರಕ್ಕೆ ಹೋದರೆ, ಚಿತ್ರ ತೆಗೆಯುವ ಸಮಯ ತುಸು ಬದಲಾದರೆ, ಗೆಡ್ಡೆಯ ಗಡಿಯನ್ನು ಬೇರೊಬ್ಬರು ಗುರುತಿಸಿದರೆ ಅನೇಕ ಲಕ್ಷಣಗಳ ಮೌಲ್ಯವೇ ಬೇರೆಯಾಗುತ್ತದೆ. 2020ರಲ್ಲಿ ಅಂತರರಾಷ್ಟ್ರೀಯ ತಂಡವೊಂದು 169 ಲಕ್ಷಣಗಳ ಲೆಕ್ಕವನ್ನು ಪ್ರಮಾಣೀಕರಿಸಿತು, ನಿಜ. ಆದರೆ ಸೂತ್ರ ಒಂದಾದ ಮಾತ್ರಕ್ಕೆ ಚಿತ್ರಗಳು ಒಂದಾಗುವುದಿಲ್ಲ. ನೂರಿನ್ನೂರು ರೋಗಿಗಳ ಮೇಲೆ ಸಾವಿರ ಲಕ್ಷಣಗಳನ್ನು ಹೇರಿದರೆ ಆಕಸ್ಮಿಕ ಹೊಂದಾಣಿಕೆಗಳೂ ಸತ್ಯದಂತೆ ಕಾಣುತ್ತವೆ. ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಈಸ್ಟ್ರೊಜೆನ್ ಪಾಸಿಟಿವ್ ಆಗಿರುವುದರಿಂದ, ಎಲ್ಲರನ್ನೂ ಪಾಸಿಟಿವ್ ಎನ್ನುವ ಕಂಪ್ಯೂಟರ್ ಮಾದರಿಯೂ ಶೇ 75ರಷ್ಟು ನಿಖರ ಎನಿಸಿಕೊಳ್ಳುತ್ತದೆ. ಆದ್ದರಿಂದ ಮಾದರಿಯನ್ನು ಕಲಿಸಿದ ಆಸ್ಪತ್ರೆಯಲ್ಲಲ್ಲ, ಬೇರೆ ಆಸ್ಪತ್ರೆಗಳ, ಬೇರೆ ಯಂತ್ರಗಳ ಚಿತ್ರಗಳ ಮೇಲೆ ಅದು ಎಷ್ಟು ನೆಗೆಟಿವ್ ಗೆಡ್ಡೆಗಳನ್ನು ಸರಿಯಾಗಿ ಹಿಡಿಯಿತು, ಎಷ್ಟನ್ನು ಬಿಟ್ಟಿತು ಎಂಬುದನ್ನು ಪ್ರತ್ಯೇಕವಾಗಿ ತೋರಿಸುವ ತನಕ ಅದರ ಉತ್ತರ ರೋಗಿಯ ವರದಿಯಲ್ಲಿ ಸೇರಬಾರದು.