ಸತ್ಯಾಂಶ: ಅಮೆರಿಕದ ಎಂಪಿಒಗಳು ತೆರಿಗೆ ಹಾಕಿ ರಸ್ತೆ ಕಟ್ಟುತ್ತವೆಯೇ?

'ಅಮೆರಿಕದ ಎಂಪಿಒಗಳು, ಅಂದರೆ ಮಹಾನಗರ ಯೋಜನಾ ಸಂಸ್ಥೆಗಳು, ತಾವೇ ತೆರಿಗೆ ಹಾಕಿ ಬೇಕಾದಲ್ಲಿ ರಸ್ತೆ ಕಟ್ಟುತ್ತವೆ' ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಕ್ಕೆ ಫೆಡರಲ್ ಕಾನೂನಿನಂತೆ ಎಂಪಿಒ ಇರಲೇಬೇಕು. ಅದರ ಮಂಡಳಿಯಲ್ಲಿ ಹೆಚ್ಚಾಗಿ ಮೇಯರ್, ಕೌಂಟಿ ಸದಸ್ಯರಂಥ ಚುನಾಯಿತರೇ ಕೂರುತ್ತಾರೆ. ಯೋಜನಾ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ. 80 ಫೆಡರಲ್ ಹಣ, ಉಳಿದ 20 ರಾಜ್ಯ ಅಥವಾ ಸ್ಥಳೀಯ ಪಾಲು. ಈ ಹಣ ಸಂಚಾರ ಎಣಿಕೆ, ಅಧ್ಯಯನ, ಸಿಬ್ಬಂದಿ ಸಂಬಳಕ್ಕೆ, ಡಾಂಬರಿಗಲ್ಲ. ತೆರಿಗೆ ಅಧಿಕಾರ ಬಹುತೇಕ ಎಂಪಿಒಗಳಿಗಿಲ್ಲ. ರಾಜ್ಯದ ಕಾನೂನು ಕೆಲವಕ್ಕಷ್ಟೇ ಅದನ್ನು ಕೊಟ್ಟಿದೆ.

ಎಂಪಿಒಗಳ ನಿಜವಾದ ಬಲ ಇರುವುದು ಅವು ಸಿದ್ಧಪಡಿಸುವ ನಾಲ್ಕು ವರ್ಷಗಳ ಕಾಮಗಾರಿ ಪಟ್ಟಿಯಲ್ಲಿ. ಅದರಲ್ಲಿಲ್ಲದ ರಸ್ತೆಗೆ ಫೆಡರಲ್ ಹಣ ಬಿಡುಗಡೆಯಾಗದು. ಪಟ್ಟಿಗೆ ಸೇರಿಸಲು ಹಣದ ಮೂಲ ತೋರಿಸಬೇಕು. ಹಾಗಾಗಿ ಒಂದು ಸೇತುವೆಯ ವೆಚ್ಚ ಏರಿದರೆ ಇನ್ನೊಂದು ಕಾಮಗಾರಿ ಮುಂದಕ್ಕೆ ಹೋಗುವುದುಂಟು. ಆಕ್ಷೇಪವಿದ್ದರೆ ಪಟ್ಟಿಯ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಾಗಲೇ ಬರೆದು ಕೊಡಿ.